ಚಕ್ಕುಬಂದಿಯಿಂದ ಶುರು: ನಾರ್ತ್ ಕ್ಯಾರೊಲಿನಾದ ಕ್ಷೇತ್ರಗಳನ್ನು ಹಳೆ ಲ್ಯಾಪ್‌ಟಾಪಿನಲ್ಲಿ ಹತ್ತು ಸಾವಿರ ಸಲ ಬರೆದದ್ದು

2024ರ ನವೆಂಬರ್‌ನಲ್ಲಿ ನಾನು ಅಮೆರಿಕದಲ್ಲಿ ಮೊದಲ ಸಲ ಮತ ಹಾಕಿದೆ. ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿ ಎಂಬ ಊರಿನಲ್ಲಿ. ಫಲಿತಾಂಶ ಬಂದ ಮೇಲೆ ಒಂದು ವಿಷಯ ತಲೆಯಿಂದ ಹೋಗಲೇ ಇಲ್ಲ. ಒಂದೇ ದಿನ, ಒಂದೇ ಮತಪತ್ರದಲ್ಲಿ ಈ ರಾಜ್ಯದ ಜನ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಅವರನ್ನು ಸುಮಾರು ಶೇ. 3ರ ಅಂತರದಲ್ಲಿ ಆರಿಸಿದರು, ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಅವರನ್ನು ಶೇ. 14ಕ್ಕೂ ಜಾಸ್ತಿ ಅಂತರದಲ್ಲಿ ಆರಿಸಿದರು. ಆದರೆ ಸಂಸತ್ತಿನ ಕೆಳಮನೆಗೆ ಹೋದ 14 ಜನರಲ್ಲಿ 10 ರಿಪಬ್ಲಿಕನ್ನರು, 4 ಡೆಮಾಕ್ರಟರು. 2022ರಲ್ಲಿ ಇದೇ ರಾಜ್ಯದಲ್ಲಿ 7-7 ಇತ್ತು. ಎರಡು ವರ್ಷದಲ್ಲಿ ಜನ ಅಷ್ಟು ಬದಲಾದರಾ? ಇಲ್ಲ. ನಡುವೆ, 2023ರಲ್ಲಿ, ಕ್ಷೇತ್ರಗಳ ನಕ್ಷೆ ಬದಲಾಗಿತ್ತು.

ಹಾಸನದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವರು ನಿವೃತ್ತ ಸರ್ವೆಯರ್. ಹದ್ದುಬಸ್ತು, ಪೋಡಿ ಅಂತ ಮೂವತ್ತು ವರ್ಷ ಹೊಲದ ಗಡಿ ಅಳೆದವರು. ಅವರ ಮೊದಲ ಪ್ರಶ್ನೆ, "ಗೆರೆ ಎಳೆಯೋದು ಯಾರು?" ಗೆದ್ದ ಶಾಸಕರೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮಲ್ಲಿ ಆ ಕೆಲಸ ಡಿಲಿಮಿಟೇಶನ್ ಆಯೋಗದ್ದು. ಈಗಿರುವ 224 ವಿಧಾನಸಭಾ ಕ್ಷೇತ್ರಗಳ ಗಡಿ ಅವರೇ ಹಾಕಿದ್ದು, 2008ರ ಚುನಾವಣೆಯಿಂದ ಜಾರಿಯಲ್ಲಿದೆ. ಅಲ್ಲೂ ತಕರಾರು ಇದ್ದೇ ಇರುತ್ತದೆ, ಆದರೆ ಹೊಲದ ಮಾಲೀಕನೇ ಸರಪಳಿ ಹಿಡಿದು ಅಳೆಯಲು ನಿಲ್ಲುವುದಿಲ್ಲ.

ಈ ರೀತಿ ಗಡಿ ಎಳೆದು ಗೆಲ್ಲುವುದಕ್ಕೆ ಜೆರಿಮ್ಯಾಂಡರಿಂಗ್ ಎನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತ್ತು, ಎರಡು ಹೆಸರು ಸೇರಿ ಈ ಪದ ಬಂತು. ನಕ್ಷೆ ಮೋಸದ್ದೋ ಅಲ್ಲವೋ ಅಂತ ತೋರಿಸುವ ಲೆಕ್ಕ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಡ್ಯೂಕ್ ವಿಶ್ವವಿದ್ಯಾಲಯದಲ್ಲೇ ಆಗಿದೆ, ಗಣಿತಜ್ಞ ಜೊನಾಥನ್ ಮ್ಯಾಟಿಂಗ್ಲಿ ಮತ್ತು ಅವರ ವಿದ್ಯಾರ್ಥಿಗಳಿಂದ. ಪಕ್ಷದ ಲೆಕ್ಕ ನೋಡದೆ ಸಾವಿರಾರು ನಕ್ಷೆಗಳನ್ನು ಕಂಪ್ಯೂಟರಿನಿಂದ ಬರೆಸಿ, ನಿಜವಾದ ನಕ್ಷೆ ಅವುಗಳ ನಡುವೆ ಎಲ್ಲಿ ನಿಲ್ಲುತ್ತದೆ ಅಂತ ನೋಡುವುದು. ಅದನ್ನು ನನ್ನ ಕೈಯಲ್ಲೇ ಮಾಡಿ ನೋಡಬೇಕು ಅನ್ನಿಸಿತು. ನಾನು ಪ್ರೋಗ್ರಾಮರ್ ಅಲ್ಲ. ಔಷಧ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಪೈಥಾನ್ ಅಷ್ಟಿಷ್ಟು ಬರುತ್ತದೆ.

ಹಂತ 1. ಜನವರಿ 4, ಶನಿವಾರ: ಯಾವ ನಕ್ಷೆ, ಯಾವ ಯಂತ್ರ

2023ರ ನಕ್ಷೆಯನ್ನೇ ಹಿಡಿಯಬೇಕು ಅಂತ ಆಸೆ ಇತ್ತು. ಆದರೆ ಲ್ಯಾಬಿನಲ್ಲಿ ಕಲಿತದ್ದು ಒಂದಿದೆ. ಉಪಕರಣ ಹೊಸದಾಗಿದ್ದರೆ ಉತ್ತರ ಗೊತ್ತಿರುವ ಸ್ಯಾಂಪಲ್ ಮೊದಲು ಹಾಕು. ಹಾಗಾಗಿ 2016ರ ನಕ್ಷೆ ತೆಗೆದುಕೊಂಡೆ. ಆಗ 13 ಸೀಟು ಇದ್ದವು. ಅದನ್ನು ಬರೆಸಿದ ಸಮಿತಿಯ ಶಾಸಕ ಡೇವಿಡ್ ಲೂಯಿಸ್ ಸಭೆಯಲ್ಲೇ ಹೇಳಿದ್ದರು, 10-3 (ರಿಪಬ್ಲಿಕನ್ನರಿಗೆ 10, ಡೆಮಾಕ್ರಟರಿಗೆ 3) ಬರುವ ಹಾಗೆ ಬರೆಯೋಣ, ಏಕೆಂದರೆ 11-2 ಬರುವ ನಕ್ಷೆ ಬರೆಯಲು ಆಗುವುದಿಲ್ಲ ಅನ್ನಿಸುತ್ತದೆ ಅಂತ. 2016ರಲ್ಲಿ 10-3 ಬಂತು. ದೇಶದಲ್ಲಿ ಗಾಳಿ ಡೆಮಾಕ್ರಟರ ಕಡೆ ಬೀಸಿ ಕೆಳಮನೆಯೇ ಅವರ ಕೈಗೆ ಹೋದ 2018ರಲ್ಲೂ ಅವರಿಗೆ ಇಲ್ಲಿ ಸಿಕ್ಕಿದ್ದು ಮೂರೇ ಸೀಟು.

ಲ್ಯಾಪ್‌ಟಾಪ್ ಎಂಟು ವರ್ಷ ಹಳೆಯದು, 8 ಜಿಬಿ ರ‍್ಯಾಮ್. ನಕ್ಷೆಯ ಫೈಲ್ ತೆರೆದ ಕೂಡಲೇ ಉಸಿರು ಕಟ್ಟಿತು. ಬಳಸಿದ ರ‍್ಯಾಮ್ ಒಂದನ್ನು 38 ಡಾಲರಿಗೆ ತಂದು 16 ಜಿಬಿ ಮಾಡಿದೆ. ಬೇಕಾದ ತಂತ್ರಾಂಶವೆಲ್ಲ ಉಚಿತ: ಪೈಥಾನ್, ನಕ್ಷೆಯ ಫೈಲ್ ಓದುವ ಜಿಯೋಪಾಂಡಾಸ್, ನಕ್ಷೆ ತೆರೆದು ನೋಡುವ ಕ್ಯೂಜಿಐಎಸ್, ಮತ್ತೆ ಕ್ಷೇತ್ರಗಳನ್ನು ಸಾವಿರಾರು ಸಲ ಬರೆಯುವ ಗೆರಿಚೈನ್. ಈ ಗೆರಿಚೈನ್ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮೂನ್ ಡಚಿನ್ ಕಟ್ಟಿದ ಸಂಶೋಧನಾ ಗುಂಪಿನದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಹಂತ 2. ಜನವರಿ 11: ಮತಗಳೇ ಕಾಣೆ

ನನ್ನ ದೊಡ್ಡ ತಪ್ಪು ಇದು. ಇದನ್ನೇ ವಿವರವಾಗಿ ಬರೆಯುತ್ತೇನೆ.

ರಾಜ್ಯದಲ್ಲಿ ಸುಮಾರು 2,700 ಪ್ರಿಸಿಂಕ್ಟ್‌ಗಳಿವೆ. ಪ್ರಿಸಿಂಕ್ಟ್ ಅಂದರೆ ಒಂದು ಮತಗಟ್ಟೆಗೆ ಸೇರಿದ ಪ್ರದೇಶ. 2016ರ ಫಲಿತಾಂಶವನ್ನು ಪ್ರಿಸಿಂಕ್ಟ್‌ವಾರು ಇಳಿಸಿಕೊಂಡು, ನಕ್ಷೆಯ ತುಂಡುಗಳ ಜೊತೆ ಹೆಸರು ಹೊಂದಿಸಿ ಜೋಡಿಸಿದೆ. ಮೊದಲ ಸಲ ನೂರಾರು ತುಂಡುಗಳಿಗೆ ಮತವೇ ಬರಲಿಲ್ಲ. ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದೆ, ಅದು "01" ಅನ್ನು "1" ಮಾಡಿಬಿಟ್ಟಿತ್ತು. ಮುಂದಿನ ಸೊನ್ನೆ ಹೋದರೆ ಹೆಸರು ಹೊಂದುವುದಿಲ್ಲ. ಆ ಕಾಲಂ ಅನ್ನು ಅಂಕಿ ಅಲ್ಲ, ಅಕ್ಷರ ಅಂತ ಓದಿಸಿದೆ, ಸರಿಹೋಯಿತು.

ಸರಿಹೋಯಿತು ಅಂದುಕೊಂಡೆ. ಒಂದು ನಕ್ಷೆ ಬಣ್ಣ ಹಾಕಿ ಗೆಳತಿಯರ ವಾಟ್ಸ್ಯಾಪ್ ಗುಂಪಿಗೆ ಹಾಕಿಯೂ ಬಿಟ್ಟೆ. ರಾತ್ರಿ ಮಲಗುವ ಮುಂಚೆ ಸುಮ್ನೆ ಒಟ್ಟು ಕೂಡಿಸಿ ನೋಡಿದರೆ ಲಕ್ಷಗಟ್ಟಲೆ ಮತ ಕಡಿಮೆ! ಅಧ್ಯಕ್ಷ ಸ್ಥಾನಕ್ಕೆ ಈ ರಾಜ್ಯದಲ್ಲಿ ಆ ವರ್ಷ ಬಿದ್ದದ್ದು ಸುಮಾರು 47.4 ಲಕ್ಷ ಮತ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚುನಾವಣೆಯ ದಿನಕ್ಕಿಂತ ಮೊದಲೇ, ಯಾವುದೋ ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ಮತ ಹಾಕುತ್ತಾರೆ. ನಾನೂ ಹಾಗೇ ಹಾಕಿದ್ದು. ಮೊದಲ ಪಟ್ಟಿಯಲ್ಲಿ ಹಲವು ಕಡೆ ಆ ಮತಗಳು ಮತದಾರರ ಪ್ರಿಸಿಂಕ್ಟಿಗೆ ಬಾರದೆ, "ಮುಂಗಡ ಮತ" ಎಂಬ ಬೇರೆ ಸಾಲಿನಲ್ಲಿ ಕೂತಿರುತ್ತವೆ. ಆ ಸಾಲಿಗೆ ನಕ್ಷೆಯಲ್ಲಿ ತುಂಡು ಇಲ್ಲ. ನನ್ನ ಜೋಡಣೆಯಲ್ಲಿ ಅವು ಸದ್ದಿಲ್ಲದೆ ಉದುರಿಹೋಗಿದ್ದವು. ಬರೀ ಕಡಿಮೆಯಾಗಿದ್ದರೆ ಬೇರೆ ಮಾತು, ಬೇಗ ಮತ ಹಾಕುವವರು ಮತ್ತು ಆ ದಿನವೇ ಹಾಕುವವರು ಒಂದೇ ರೀತಿ ಮತ ಹಾಕುವುದಿಲ್ಲ, ಹಾಗಾಗಿ ಶೇಕಡಾವಾರು ಕೂಡ ತಪ್ಪಾಗಿತ್ತು. ಗುಂಪಿಗೆ "ನಾನು ಹಾಕಿದ್ದು ತಪ್ಪು, ಯಾರಿಗೂ ಕಳಿಸಬೇಡಿ" ಅಂತ ಬರೆದೆ. ಆಮೇಲೆ ಮತಗಳನ್ನು ಪ್ರಿಸಿಂಕ್ಟಿಗೆ ಸರಿಯಾಗಿ ಹಂಚಿದ, ಟಫ್ಟ್ಸ್ ಗುಂಪು ಸಿದ್ಧಮಾಡಿಟ್ಟ ಫೈಲ್ ಬಳಸಿದೆ. ಈಗ ಪ್ರತಿ ಹಂತ ಮುಗಿದ ಕೂಡಲೇ ಒಟ್ಟು ಮತ, ಒಟ್ಟು ಜನಸಂಖ್ಯೆ ಎರಡನ್ನೂ ಅಧಿಕೃತ ಅಂಕಿಯ ಜೊತೆ ಹೋಲಿಸುವ ಎರಡು ಸಾಲು ಕೋಡ್ ಇಟ್ಟಿದ್ದೇನೆ. ಮೊದಲೇ ಇಡಬೇಕಿತ್ತು.

ಇನ್ನೊಂದು ಮಾತು. ಈ ರಾಜ್ಯದಲ್ಲಿ ಮತದಾರರ ಪಟ್ಟಿ ಸಾರ್ವಜನಿಕ, ಅದರಲ್ಲಿ ಹೆಸರು, ವಿಳಾಸ, ಜನಾಂಗ ಎಲ್ಲ ಇರುತ್ತದೆ. ಅದನ್ನೂ ಇಳಿಸಿದ್ದೆ. ನಮ್ಮ ಬೀದಿಯವರ ಹೆಸರುಗಳು ಒಂದರ ಕೆಳಗೊಂದು ಕಂಡಾಗ ಕೈ ನಿಂತುಹೋಯಿತು. ಫೈಲ್ ಅಳಿಸಿದೆ. ನನ್ನ ಕೆಲಸಕ್ಕೆ ಜನಗಣತಿಯ ಒಟ್ಟು ಅಂಕಿಗಳೇ ಸಾಕಿತ್ತು.

ಹಂತ 3. ಜನವರಿ 19: ಚಕ್ಕುಬಂದಿ

ಕಂಪ್ಯೂಟರಿಗೆ ನಕ್ಷೆ ಕಾಣುವುದಿಲ್ಲ. ಯಾವ ತುಂಡಿನ ಪಕ್ಕ ಯಾವ ತುಂಡು ಇದೆ ಎಂಬ ಪಟ್ಟಿ ಅದಕ್ಕೆ ಬೇಕು. ಇದನ್ನು ಅಪ್ಪನಿಗೆ ಹೇಳಿದೆ. "ಅದು ಚಕ್ಕುಬಂದಿ ಅಲ್ವಾ?" ಅಂದರು. ನಿಜ, ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ ಅಂತ ಬರೆಯುತ್ತಾರಲ್ಲ, ಅದೇ. 2,700 ತುಂಡಿಗೂ ಚಕ್ಕುಬಂದಿ.

ನಾನೇ ಬರೆದ ಕೋಡ್‌ನಲ್ಲಿ "ತಾಗಿದೆಯಾ" ಅಂತ ಕೇಳುವ ಆದೇಶ ಹಾಕಿದ್ದೆ. ಒಂದು ಕಡೆ ಒಂದು ಕ್ಷೇತ್ರ ಸೂಜಿಮೊನೆಯಷ್ಟು ಜಾಗದಲ್ಲಿ ದಾಟಿ ಆಚೆ ಬೆಳೆದಿತ್ತು. ನಾಲ್ಕು ತುಂಡುಗಳು ಒಂದು ಮೂಲೆಯಲ್ಲಿ ಕೂಡಿದ್ದವು, ಎದುರುಬದುರು ತುಂಡುಗಳನ್ನೂ ನೆರೆಯವರು ಅಂತ ಬರೆದುಕೊಂಡಿತ್ತು. "ಮೂಲೆಗೆ ಮೂಲೆ ತಾಗಿದ್ರೆ ಅದು ಬದು ಆಗಲ್ಲ ಕಣಮ್ಮಾ. ಉದ್ದ ಇರಬೇಕು," ಅಂದರು ಅಪ್ಪ. ಗಡಿಯ ಉದ್ದ ಸೊನ್ನೆಗಿಂತ ಜಾಸ್ತಿ ಇರಬೇಕು ಅಂತ ಒಂದು ಷರತ್ತು ಸೇರಿಸಿದೆ. ಗೆರಿಚೈನ್ ತಾನಾಗಿಯೇ ಇದನ್ನು ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು.

ಇನ್ನು ದ್ವೀಪಗಳು. ಓಕ್ರಕೋಕ್ ದ್ವೀಪಕ್ಕೆ ಸೇತುವೆ ಇಲ್ಲ, ದೋಣಿಯಲ್ಲೇ ಹೋಗಬೇಕು. ನನ್ನ ಫೈಲಿನಲ್ಲಿ ನೀರಿನ ಭಾಗ ಕತ್ತರಿಸಿದ್ದರಿಂದ ಆ ತುಂಡಿಗೆ ಯಾರೂ ನೆರೆಯವರಿಲ್ಲ. ದ್ವೀಪ ಹೈಡ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಸೇರಿದ್ದು, ಅದೇ ಕೌಂಟಿಯ ಸ್ವಾನ್ ಕ್ವಾರ್ಟರ್‌ನಿಂದ ಫೆರಿ ಇದೆ. ಆ ದಾರಿಯಲ್ಲೇ ಕೈಯಿಂದ ಒಂದು ನಂಟು ಹಾಕಿದೆ. ಕರಾವಳಿಯಲ್ಲಿ ಇಂಥವು ಇನ್ನೂ ಕೆಲವು ಇದ್ದವು. ಪ್ರತಿಯೊಂದನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ, ಯಾಕೆಂದರೆ ಇದು ನಾನು ತೆಗೆದುಕೊಂಡ ತೀರ್ಮಾನ, ನಕ್ಷೆಯದ್ದಲ್ಲ.

ಹಂತ 4. ಜನವರಿ 25: ಒಂದೊಂದೇ ತುಂಡು ಬದಲಿಸುವ ಪ್ರಯತ್ನ, ಸೋಲು

ಜನಸಂಖ್ಯೆ 2010ರ ಗಣತಿಯ ಪ್ರಕಾರ 95,35,483. 13ರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 7,33,499. ಕೋರ್ಟಿಗೆ ಹೋಗುವ ನಕ್ಷೆಯಲ್ಲಿ ಹೆಚ್ಚುಕಡಿಮೆ ಒಬ್ಬರೂ ವ್ಯತ್ಯಾಸ ಇರಬಾರದು, ಪ್ರಿಸಿಂಕ್ಟ್ ಒಡೆಯದೆ ಅದು ಆಗದು, ಹಾಗಾಗಿ ನಾನು ಶೇ. 1ರಷ್ಟು ಆಚೀಚೆ ಬಿಟ್ಟೆ.

ಮೊದಲ ವಿಧಾನ ಸುಲಭದ್ದು. ಗಡಿಯಲ್ಲಿರುವ ಒಂದು ತುಂಡನ್ನು ಪಕ್ಕದ ಕ್ಷೇತ್ರಕ್ಕೆ ದಾಟಿಸು, ನಿಯಮ ಮುರಿಯದಿದ್ದರೆ ಇಟ್ಟುಕೋ, ಮುಂದಕ್ಕೆ ಹೋಗು. ಒಂದು ಲಕ್ಷ ಹೆಜ್ಜೆ ಓಡಿಸಿದೆ. ಕ್ಷೇತ್ರಗಳು ಇದ್ದಲ್ಲೇ ಇದ್ದವು, ಗಡಿ ಮಾತ್ರ ಇಲಿ ಕಡಿದ ಕಾಗದದ ಹಾಗೆ ಆಗಿತ್ತು. ಗೆರೆ ಅಂಕುಡೊಂಕಾಗುವ ದಾರಿಗಳು ಸಾವಿರ, ನೇರವಾಗಿರುವ ದಾರಿ ಕೆಲವೇ, ಹಾಗಾಗಿ ಸುಮ್ಮನೆ ಬಿಟ್ಟರೆ ಅದು ಅಂಕುಡೊಂಕಿಗೇ ಹೋಗುತ್ತದೆ. ಡ್ಯೂಕ್ ತಂಡ ತುಂಡು ದಾಟಿಸುವಾಗ ಆಕಾರಕ್ಕೂ ಅಂಕ ಕೊಟ್ಟು ಇದನ್ನು ಹದ್ದಿನಲ್ಲಿಟ್ಟಿತ್ತು. ನಾನು ಆ ಅಂಕಗಳನ್ನು ಹೊಂದಿಸಲು ಹೋಗಿ ಭಾನುವಾರ ಪೂರ್ತಿ ಕಳೆದೆ. ಬಿಟ್ಟೆ.

ಹಂತ 5. ಫೆಬ್ರವರಿ 1: ಕೂಡಿಸಿ ಮತ್ತೆ ಹಿಸ್ಸೆ ಮಾಡುವುದು

ಎರಡನೇ ವಿಧಾನಕ್ಕೆ ರೀಕಾಂ ಅಂತ ಹೆಸರು. ಡಾರಿಲ್ ಡಿಫೋರ್ಡ್, ಮೂನ್ ಡಚಿನ್, ಜಸ್ಟಿನ್ ಸಾಲೊಮನ್ ಮೂವರದ್ದು. ಪಕ್ಕಪಕ್ಕದ ಎರಡು ಕ್ಷೇತ್ರ ಆರಿಸು. ಎರಡನ್ನೂ ಕೂಡಿಸಿ ಒಂದು ಮಾಡು. ಅದರೊಳಗಿನ ತುಂಡುಗಳನ್ನೆಲ್ಲ ಸುತ್ತು ಬಾರದ ಹಾಗೆ, ಮರದ ಕೊಂಬೆಗಳಂತೆ, ಮನಬಂದಂತೆ ಜೋಡಿಸು. ಆಮೇಲೆ ಯಾವ ಕೊಂಬೆ ಕಡಿದರೆ ಎರಡೂ ಕಡೆ ಜನ ಸಮನಾಗುತ್ತಾರೋ ಅಲ್ಲಿ ಕಡಿ. ಅಣ್ಣತಮ್ಮಂದಿರ ಹಿಸ್ಸೆಯನ್ನು ಒಟ್ಟುಗೂಡಿಸಿ ಮತ್ತೆ ಪೋಡಿ ಮಾಡಿದ ಹಾಗೆ. ಒಂದೊಂದು ಹೆಜ್ಜೆಗೂ ನಕ್ಷೆ ನಿಜವಾಗಿ ಬದಲಾಗುತ್ತದೆ, ಕ್ಷೇತ್ರಗಳೂ ಗುಂಡಗೆ ಬರುತ್ತವೆ.

ರಾತ್ರಿ 10,000 ಹೆಜ್ಜೆಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದರೆ ಲ್ಯಾಪ್‌ಟಾಪ್ ಆರಿಹೋಗಿತ್ತು. ಬಿಸಿ ತಾಳದೆ ತಾನೇ ನಿಂತಿತ್ತು, ನಾನು ನಡುವೆ ಎಲ್ಲೂ ಉಳಿಸಿರಲಿಲ್ಲ. ಇಡೀ ರಾತ್ರಿಯ ಕೆಲಸ ಹೋಯಿತು. ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನಿನ ಧೂಳು ತೆಗೆದೆ. ಕೆಳಗೆ ಎರಡು ಮರದ ಪಟ್ಟಿ ಇಟ್ಟು ಗಾಳಿಗೆ ಜಾಗ ಮಾಡಿದೆ. ಕೋಡ್‌ನಲ್ಲಿ ಪ್ರತಿ 500 ಹೆಜ್ಜೆಗೆ ಫೈಲ್ ಉಳಿಸುವ ಹಾಗೆ ಬದಲಿಸಿದೆ. ಎರಡನೇ ರಾತ್ರಿ ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಯಿತು.

ಒಂದೇ ಕಡೆಯಿಂದ ಹೊರಟರೆ ಆ ಕಡೆಯ ವಾಸನೆ ಉಳಿದಿರಬಹುದು. ಅದಕ್ಕೆ ಮೂರು ಬೇರೆ ಬೇರೆ ಆರಂಭದಿಂದ ಓಡಿಸಿದೆ. ಒಂದು 2016ರ ನಕ್ಷೆ, ಒಂದು ಕಂಪ್ಯೂಟರೇ ಮನಬಂದಂತೆ ಬರೆದದ್ದು, ಇನ್ನೊಂದು ನಿವೃತ್ತ ನ್ಯಾಯಾಧೀಶರ ನಕ್ಷೆ. ಈ ಕೊನೆಯದು ನನಗೆ ಬಹಳ ಹಿಡಿಸಿತು. 2016ರಲ್ಲಿ ಎರಡೂ ಪಕ್ಷದ ಹಿನ್ನೆಲೆಯ ನಿವೃತ್ತ ನ್ಯಾಯಾಧೀಶರನ್ನು ಕೂರಿಸಿ, ಪಕ್ಷದ ಲೆಕ್ಕ ನೋಡದೆ ನಕ್ಷೆ ಬರೆಯಿಸಿದ್ದರು. ಜಾರಿಗೆ ಬರಲಿಲ್ಲ, ಆದರೆ ಹೋಲಿಕೆಗೆ ಒಳ್ಳೆಯ ಅಳತೆಗೋಲು. ಮೂರೂ ಓಟದ ಫಲಿತಾಂಶಗಳ ಚಿತ್ರ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಕೂಡುತ್ತಿತ್ತು. ಆಗ ಸ್ವಲ್ಪ ಧೈರ್ಯ ಬಂತು.

ಹಂತ 6. ಫೆಬ್ರವರಿ 8: ಕಣ್ಣಿಗೆ ಕಂಡದ್ದು

ಆಕಾರದ ಅಂಕ ಲೆಕ್ಕ ಹಾಕಿದೆ. ಕ್ಷೇತ್ರದ ವಿಸ್ತೀರ್ಣವನ್ನು ಅಷ್ಟೇ ಸುತ್ತಳತೆಯ ವೃತ್ತದ ವಿಸ್ತೀರ್ಣದ ಜೊತೆ ಹೋಲಿಸುವುದು. ಇಲ್ಲೂ ಒಂದು ತಪ್ಪು. ಫೈಲ್ ಅಕ್ಷಾಂಶ ರೇಖಾಂಶದಲ್ಲಿತ್ತು, ಹಾಗೇ ಅಳೆದೆ. ಈ ರಾಜ್ಯ ಇರುವ ಕಡೆ ಒಂದು ಡಿಗ್ರಿ ಪೂರ್ವ-ಪಶ್ಚಿಮವು ಒಂದು ಡಿಗ್ರಿ ಉತ್ತರ-ದಕ್ಷಿಣದ ಶೇ. 80ರಷ್ಟೇ. ಅಡ್ಡ ಉದ್ದದ ಕ್ಷೇತ್ರಗಳೆಲ್ಲ ಇರುವುದಕ್ಕಿಂತ ಉದ್ದ ಕಂಡವು. ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ, ಮೀಟರ್ ಲೆಕ್ಕದ ರಾಜ್ಯದ ಪ್ರೊಜೆಕ್ಷನ್‌ಗೆ ಬದಲಿಸಿ ಮತ್ತೆ ಅಳೆದೆ.

ಅಂಕ ನೋಡಿ ಆಶ್ಚರ್ಯವಾಯಿತು. 2016ರ ನಕ್ಷೆ ಅಂಥ ವಿಕಾರವಾಗಿಲ್ಲ. 1990ರ ದಶಕದ 12ನೇ ಕ್ಷೇತ್ರ ನೋಡಿ, ಹೆದ್ದಾರಿ 85ರ ಉದ್ದಕ್ಕೂ ಹಾವಿನ ಹಾಗೆ ಸುಮಾರು 160 ಮೈಲಿ, 1993ರ ಶಾ ವರ್ಸಸ್ ರೀನೋ ಮೊಕದ್ದಮೆ ಅದರ ಮೇಲೇ ಆದದ್ದು. ಅದರ ಮುಂದೆ ಇದು ಅಚ್ಚುಕಟ್ಟು. ನಾನು ಇಷ್ಟು ದಿನ ವಕ್ರ ಆಕಾರವೇ ಮೋಸದ ಗುರುತು ಅಂತ ನಂಬಿದ್ದೆ. ಅಳತೆ ನನ್ನ ನಂಬಿಕೆಯನ್ನು ತೆಗೆದುಹಾಕಿತು.

ಹಂತ 7. ಫೆಬ್ರವರಿ 15: ಸಾಲಾಗಿ ನಿಲ್ಲಿಸಿದಾಗ

ಸಂಸತ್ತಿನ ಅಭ್ಯರ್ಥಿಗಳಿಗೆ ಬಿದ್ದ ಮತ ಬಳಸಬಾರದು, ಕೆಲವು ಕಡೆ ಎದುರಾಳಿಯೇ ಇರುವುದಿಲ್ಲ. ರಾಜ್ಯಕ್ಕೆಲ್ಲ ಒಂದೇ ಸ್ಪರ್ಧೆ ಇರುವ ಚುನಾವಣೆ ಬೇಕು. ಮೊದಲು ಅಧ್ಯಕ್ಷರ ಚುನಾವಣೆ ಒಂದನ್ನೇ ಹಾಕಿದ್ದೆ. ಒಂದನ್ನೇ ನಂಬುವುದು ಸರಿಯಲ್ಲ ಅಂತ 2016ರ ಸೆನೆಟ್ ಮತ್ತು ಗವರ್ನರ್ ಚುನಾವಣೆಯನ್ನೂ ಸೇರಿಸಿದೆ. ಆ ಗವರ್ನರ್ ಚುನಾವಣೆಯಲ್ಲಿ ಅಂತರ ಬರೀ 10,277 ಮತ.

ಸೀಟಿನ ಲೆಕ್ಕದಲ್ಲಿ ನನ್ನ ನಕ್ಷೆಗಳ ದೊಡ್ಡ ಗುಂಪು ಡೆಮಾಕ್ರಟರಿಗೆ 4ರಿಂದ 6 ಸೀಟು ಕೊಟ್ಟಿತು. 3 ಸೀಟಿನವು ಅಂಚಿನಲ್ಲಿ, ಬಹಳ ವಿರಳ. ಮ್ಯಾಟಿಂಗ್ಲಿ ಕೋರ್ಟಿನ ಮುಂದೆ ಇಟ್ಟದ್ದು 24,518 ನಕ್ಷೆ. ಅವುಗಳಲ್ಲಿ ಶೇ. 99ಕ್ಕೂ ಹೆಚ್ಚು ನಕ್ಷೆಗಳಲ್ಲಿ ಡೆಮಾಕ್ರಟರಿಗೆ ಕಡೇಪಕ್ಷ ಒಂದು ಸೀಟು ಜಾಸ್ತಿ ಬರುತ್ತಿತ್ತು. ನನ್ನದು ಆ ದಿಕ್ಕಿನಲ್ಲೇ ಇದೆ, ವಿಧಾನ ಬೇರೆಯಾದ್ದರಿಂದ ಅಂಕಿ ಅಷ್ಟೇ ಇರಬೇಕಿಲ್ಲ.

ಆದರೆ ನನಗೆ ಮನದಟ್ಟಾದದ್ದು ಸೀಟಿನಿಂದಲ್ಲ. ಪ್ರತಿ ನಕ್ಷೆಯ 13 ಕ್ಷೇತ್ರಗಳನ್ನು ಡೆಮಾಕ್ರಟಿಕ್ ಮತ ಕಡಿಮೆ ಇರುವುದರಿಂದ ಜಾಸ್ತಿ ಇರುವ ಕಡೆಗೆ ಸಾಲಾಗಿ ನಿಲ್ಲಿಸಬೇಕು. ಹತ್ತು ಸಾವಿರ ನಕ್ಷೆಗಳ ಸಾಲು ಒಂದು ಮೆಟ್ಟಿಲಿನ ಹಾಗೆ ನಿಧಾನ ಏರುತ್ತದೆ. 2016ರ ನಕ್ಷೆಯ ಚುಕ್ಕಿಗಳನ್ನು ಅದರ ಮೇಲೆ ಇಟ್ಟೆ. ಕೊನೆಯ ಮೂರು ಕ್ಷೇತ್ರಗಳು ಮೆಟ್ಟಿಲಿಗಿಂತ ಎಷ್ಟೋ ಮೇಲೆ. ನಡುವಿನವು, ಅಂದರೆ ಯಾರು ಬೇಕಾದರೂ ಗೆಲ್ಲಬಹುದಾಗಿದ್ದ ಕ್ಷೇತ್ರಗಳು, ಎಲ್ಲ ಮೆಟ್ಟಿಲಿಗಿಂತ ಕೆಳಗೆ. ನಡುವಿನಿಂದ ಡೆಮಾಕ್ರಟಿಕ್ ಮತದಾರರನ್ನು ತೆಗೆದು ಮೂರು ಡಬ್ಬಿಗೆ ತುರುಕಿದ್ದು ಒಂದೇ ಚಿತ್ರದಲ್ಲಿ ಕಂಡಿತು. ನ್ಯಾಯಾಧೀಶರ ನಕ್ಷೆ ಮೆಟ್ಟಿಲಿನ ಮೇಲೇ ನಡೆದಿತ್ತು. ರಾತ್ರಿ ಒಂದು ಗಂಟೆಯಾಗಿತ್ತು, ಆ ಚಿತ್ರವನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ.

ಇಷ್ಟು ಸಾಕ್ಷಿ ಇದ್ದೂ 2019ರ ಜೂನ್ 27ರಂದು ಸುಪ್ರೀಂ ಕೋರ್ಟ್ ಇದೇ 2016ರ ನಕ್ಷೆಯ ಮೇಲಿನ ರೂಚೊ ವರ್ಸಸ್ ಕಾಮನ್ ಕಾಸ್ ಮೊಕದ್ದಮೆಯಲ್ಲಿ 5-4ರಿಂದ ತೀರ್ಪು ಕೊಟ್ಟಿತು. ಪಕ್ಷದ ಲಾಭಕ್ಕೆ ಗಡಿ ಎಳೆಯುವ ತಕರಾರು ಫೆಡರಲ್ ಕೋರ್ಟುಗಳ ಕೈಗೆ ಬರುವಂಥದ್ದಲ್ಲ ಅಂತ. ಅದೇ ದಿನ ಅದರ ಜೊತೆಗೇ ಮೇರಿಲ್ಯಾಂಡಿನ ಮೊಕದ್ದಮೆಯೂ ಮುಗಿಯಿತು. ಅಲ್ಲಿ ಗೆರೆ ಎಳೆದವರು ಡೆಮಾಕ್ರಟರು. ಯಾವ ಪಕ್ಷ ಎಳೆದರೂ ಮತದಾರರಿಗೆ ಆಗುವ ನಷ್ಟ ಒಂದೇ.

ಹಂತ 8. ಫೆಬ್ರವರಿ 22: ಗ್ರೀನ್ಸ್‌ಬರೊ

ಪರದೆಯ ಮೇಲಿನ ಗೆರೆಯನ್ನು ನೆಲದ ಮೇಲೆ ನೋಡಬೇಕು ಅನ್ನಿಸಿ ಗ್ರೀನ್ಸ್‌ಬರೊಗೆ ಹೋದೆ. ಅಲ್ಲಿರುವ ನಾರ್ತ್ ಕ್ಯಾರೊಲಿನಾ ಎ ಆ್ಯಂಡ್ ಟಿ ಕರಿಯ ಜನಾಂಗದವರಿಗಾಗಿ ಕಟ್ಟಿದ, ಇವತ್ತಿಗೂ ಅಂಥವುಗಳಲ್ಲೇ ದೊಡ್ಡ ವಿಶ್ವವಿದ್ಯಾಲಯ. 1960ರ ಫೆಬ್ರವರಿ 1ರಂದು ವುಲ್‌ವರ್ತ್ ಅಂಗಡಿಯ, ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಕೌಂಟರಿನಲ್ಲಿ ಕೂತು ಏಳಲೊಪ್ಪದ ನಾಲ್ವರು ಇಲ್ಲಿನ ವಿದ್ಯಾರ್ಥಿಗಳೇ. 2016ರ ನಕ್ಷೆ ಈ ಕ್ಯಾಂಪಸ್ಸನ್ನೇ ಲಾರೆಲ್ ಸ್ಟ್ರೀಟ್ ಉದ್ದಕ್ಕೂ ಸೀಳಿ ಒಂದು ಭಾಗ 6ನೇ ಕ್ಷೇತ್ರಕ್ಕೆ, ಇನ್ನೊಂದು 13ಕ್ಕೆ ಹಾಕಿತ್ತು. 2019ರಲ್ಲಿ ಬಂದ ಹೊಸ ನಕ್ಷೆಯಲ್ಲಿ ಅದು ಹೋಯಿತು. ಆ ರಸ್ತೆಯಲ್ಲಿ ಆಚೀಚೆ ನಡೆದೆ. ದಾಟಲು ಕೆಲವೇ ಸೆಕೆಂಡು. ಬಾಂದುಕಲ್ಲು ಇಲ್ಲ, ಬದು ಇಲ್ಲ, ಏನೂ ಇಲ್ಲ. ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಮಕ್ಕಳು ಬ್ಯಾಗ್ ಹಾಕಿಕೊಂಡು ದಾಟುತ್ತಿದ್ದುದನ್ನು ನೋಡಿ, "ಇಲ್ಲಿ ಯಾಕೆ ಗೆರೆ ಹಾಕಿದರು?" ಅಂತ ಎರಡು ಸಲ ಕೇಳಿದರು.

ಹಂತ 9. ಮಾರ್ಚ್ 1: ಇಲ್ಲಿ ಸಿಕ್ಕಿಕೊಂಡಿದ್ದೇನೆ

ಬಂದ ಮೇಲೆ ಇನ್ನೊಂದು ತಪ್ಪು ಹೊಳೆಯಿತು. 2016ರ ನಕ್ಷೆ ಬರೆದಾಗ, 1965ರ ಮತದಾನ ಹಕ್ಕು ಕಾಯ್ದೆಯ 2ನೇ ಕಲಂ ಪ್ರಕಾರ, ಅಲ್ಪಸಂಖ್ಯಾತ ಜನಾಂಗದವರು ತಮಗೆ ಬೇಕಾದವರನ್ನು ಆರಿಸುವ ಅವಕಾಶ ಕಳೆದುಕೊಳ್ಳುವ ಹಾಗೆ ನಕ್ಷೆ ಇರಬಾರದಿತ್ತು. ಅದನ್ನು ಪರೀಕ್ಷಿಸುವ ಮೂರು ಷರತ್ತುಗಳು ಬಂದದ್ದು 1986ರ ಥಾರ್ನ್‌ಬರ್ಗ್ ವರ್ಸಸ್ ಗಿಂಗಲ್ಸ್ ಮೊಕದ್ದಮೆಯಲ್ಲಿ, ಅದೂ ಈ ರಾಜ್ಯದ್ದೇ. ಆ ಗುಂಪು ಒಂದು ಕ್ಷೇತ್ರದಲ್ಲಿ ಬಹುಮತವಾಗುವಷ್ಟು ದೊಡ್ಡದಾಗಿ, ಒತ್ತಾಗಿ ಇರಬೇಕು. ಅವರ ಮತ ಒಗ್ಗಟ್ಟಾಗಿರಬೇಕು. ಉಳಿದ ಬಹುಸಂಖ್ಯಾತರು ಗುಂಪಾಗಿ ಮತ ಹಾಕಿ ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತಿರಬೇಕು.

ನನ್ನ ಹತ್ತು ಸಾವಿರ ನಕ್ಷೆಗಳಲ್ಲಿ ಈ ಕಾಯ್ದೆಯ ಸುಳಿವೇ ಇಲ್ಲ. ಡ್ಯೂಕ್ ತಂಡ ಅದನ್ನು ಒಂದು ನಿಯಮವಾಗಿ ಇಟ್ಟಿತ್ತು, ನಾನು ಓದಿಯೂ ಬಿಟ್ಟಿದ್ದೆ. ಅಂದರೆ ನನ್ನ ಎಷ್ಟೋ ನಕ್ಷೆಗಳು ಕಾನೂನಿನ ಮುಂದೆ ನಿಲ್ಲದೇ ಇರಬಹುದು, ಅವುಗಳ ಜೊತೆ ಹೋಲಿಸಿ ನಾನು ಮೇಲಿನ ಮಾತು ಹೇಳಿದ್ದೇನೆ. ಕರಿಯ ಮತದಾರರ ಶೇಕಡಾವಾರು ಇಷ್ಟಿರಲಿ ಅಂತ ಸುಲಭದ ಜರಡಿ ಹಿಡಿದು ಮತ್ತೆ ಓಡಿಸಿದೆ. 3 ಸೀಟಿನ ನಕ್ಷೆ ಆಗಲೂ ಅಂಚಿನಲ್ಲೇ ಉಳಿಯಿತು.

ಆದರೆ ಶೇಕಡಾವಾರು ಸಾಲದು. ಆ ಜನ ನಿಜವಾಗಿ ಯಾರಿಗೆ ಮತ ಹಾಕಿದರು ಅನ್ನುವುದು ಬೇಕು, ಮತ ಗುಪ್ತ. ಪ್ರಿಸಿಂಕ್ಟಿನ ಒಟ್ಟು ಅಂಕಿಗಳಿಂದ ಅದನ್ನು ಅಂದಾಜು ಮಾಡುವ ವಿಧಾನವಿದೆ, ಅದನ್ನು ಓಡಿಸಿದರೆ ಒಂದು ಸಲ ಬಂದ ಉತ್ತರ ಇನ್ನೊಂದು ಸಲ ಬರುತ್ತಿಲ್ಲ. ತಪ್ಪು ಕೋಡ್‌ನಲ್ಲಿದೆಯೋ, ನಾನು ಕಡಿಮೆ ಹೊತ್ತು ಓಡಿಸುತ್ತಿದ್ದೇನೋ ನೋಡಬೇಕು. ಇದನ್ನು ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಖರ್ಚು ಇಲ್ಲಿಯವರೆಗೆ: ರ‍್ಯಾಮ್ 38 ಡಾಲರ್, ಆ ಮೆಟ್ಟಿಲಿನ ಚಿತ್ರವನ್ನೂ ನಕ್ಷೆಯನ್ನೂ ದೊಡ್ಡದಾಗಿ ಅಚ್ಚು ಹಾಕಿಸಿದ್ದಕ್ಕೆ 44, ಗ್ರೀನ್ಸ್‌ಬರೊಗೆ ಹೋಗಿ ಬಂದ ಪೆಟ್ರೋಲ್ 19. ಒಟ್ಟು 101 ಡಾಲರ್, ಒಂಬತ್ತು ವಾರಾಂತ್ಯ.

ಇನ್ನು 2023ರ ನಕ್ಷೆಯ ಸರದಿ. ಅದಕ್ಕೆ 2020ರ ಗಣತಿಯ ಫೈಲ್ ಇವತ್ತು ಸಂಜೆ ಇಳಿಸಲು ಹಾಕಿದ್ದೇನೆ. ಜನಸಂಖ್ಯೆ 1,04,39,388, ಕ್ಷೇತ್ರ 14, ಒಂದಕ್ಕೆ 7,45,671. ಈ ಸಲ ಮೊದಲ ಸಾಲಿನಲ್ಲೇ ಒಟ್ಟು ತಾಳೆ ನೋಡುವ ಕೋಡ್ ಇದೆ. ಓಕ್ರಕೋಕ್‌ಗೆ ನಂಟು ಹಾಕಿಯಾಯಿತು.